ಜೆರ್ಸಿಗೆ ಲೋಬಾನ

ಇವತ್ತಿನ ಬೆಳಗೂ ಎಂದಿನಂತೆಯೇ ಶುರುವಾಗಿತ್ತು. ಐದೂವರೆಗೆ ಎದ್ದು ವಾಷಿಂಗ್ ಮಶೀನಿಗೆ ಬಟ್ಟೆ ತುಂಬಿ ಗುಂಡಿ ಒತ್ತಿದೆ. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ನೆಲದ ಸಂಪಿನೊಳಕ್ಕೆ ಪೈಪು ಬಿಟ್ಟೆ. ಗೇಟಿಗೆ ಸಿಕ್ಕಿಸಿದ ಚೀಲದಿಂದ ಹಾಲಿನ ಪ್ಯಾಕೆಟ್ಟು ತಂದೆ, ಅತ್ತೆಯವರ ಪೂಜೆಗೆ ಕಣಗಿಲೆ ಬಿಡಿಸಿದೆ, ಫಿಲ್ಟರಿಗೆ ಕಾಫಿಪುಡಿ ಹಾಕಿ ಕುದಿನೀರು ಸುರಿದೆ. ಡಿಕಾಕ್ಷನ್ ಇಳಿಯುವ ಹತ್ತು ನಿಮಿಷ ಈ ಮನೆಯಲ್ಲಿ ನನ್ನ ಪಾಲಿನದು. ನಮ್ಮವರೂ ಮಗಳೂ ಎದ್ದಿರುವುದಿಲ್ಲ. ಎದ್ದಿರುವ ಅತ್ತೆಯವರು ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಾರೆ. ಅಷ್ಟರಲ್ಲಿ ಮಶೀನು ತನ್ನ ಕೆಲಸ ಮುಗಿಸಿ ಕುಂಯ್ ಕುಂಯ್ ಎಂದಿತು. ಮುಚ್ಚಳ ತೆಗೆದೆ. ಮೊದಲು ಬಂದದ್ದು ಹೂವಿನ ಪರಿಮಳ. ಒಂದು ಕ್ಷಣ ಮನಸ್ಸಿಗೆ ಹಾಯೆನಿಸಿತು. ಮರುಕ್ಷಣವೇ, ಪರಿಮಳದ ಸೆರಗಿನ ಹಿಂದೆ ಅಡಗಿ ನಿಂತಿದ್ದ ಹಾಗೆ, ಅದೂ ಬಂತು.

ಅದು ಎಂದರೆ ನನ್ನ ಮಗಳ ಕಬಡ್ಡಿ ಜೆರ್ಸಿಯ ವಾಸನೆ. ಎರಡು ವಾರದಲ್ಲಿ ಒಂಬತ್ತು ಸಲ ಒಗೆದಿದ್ದೇನೆ. ಒಗೆದ ಬಟ್ಟೆ ನಾರುವುದು ಎಂದರೆ ಏನು ಅರ್ಥ, ನೀವೇ ಹೇಳಿ. ಕೊಳೆ ಬಟ್ಟೆ ನಾತ ಹೊಡೆದರೆ ಅದು ಬಟ್ಟೆಯ ತಪ್ಪು. ಒಗೆದ ಬಟ್ಟೆ ನಾತ ಹೊಡೆದರೆ ಅದು ಒಗೆದವಳ ಮೇಲೆ ಹೊರಿಸಿದ ಆರೋಪ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ, ಹಾಲು ಉಕ್ಕಿದೆ, ಒಮ್ಮೆ ಇಡ್ಲಿ ಹಿಟ್ಟಿಗೆ ಉದ್ದಿನಬೇಳೆಯನ್ನೇ ಹಾಕದೆ ರುಬ್ಬಿದ್ದೇನೆ. ಆದರೆ ನನ್ನ ಒಗೆತದ ಬಗ್ಗೆ ಯಾರೂ ತುಟಿ ಪಿಟಕ್ಕೆಂದಿರಲಿಲ್ಲ.

ಮಗಳು ಪಲ್ಲವಿ ಪಿಯುಸಿ ಎರಡನೇ ವರ್ಷ. ಕಡೂರಿನ ಅವಳ ಕಾಲೇಜಿನ ಹುಡುಗಿಯರ ಕಬಡ್ಡಿ ತಂಡಕ್ಕೆ ಅವಳೇ ನಾಯಕಿ. ಕಾಲೇಜಿನವರು ತಲೆಗೊಂದರಂತೆ ಜೆರ್ಸಿ ಕೊಟ್ಟಿದ್ದಾರೆ: ನೇರಳೆ ಬಣ್ಣ, ಬೆನ್ನ ಮೇಲೆ ಏಳು ಎಂಬ ಅಂಕಿ, ಅಂಕಿಯ ಮೇಲೆ ಅವಳ ಹೆಸರು. ಮುಟ್ಟಿದರೆ ನುಣುಪು, ಹಿಂಡಿದರೆ ಹಗುರ, ಹರವಿದರೆ ಅರ್ಧ ಗಂಟೆಯಲ್ಲಿ ಗರಿಗರಿ. ಮೊದಲ ದಿನ ನೋಡಿ ನಾನೇ ಮೆಚ್ಚಿದ್ದೆ. ಹೆಣ್ಣು ನೋಡಲು ಹೋದವರು ಬಣ್ಣ, ನಡಿಗೆ ಎಲ್ಲ ನೋಡಿ ಸ್ವಭಾವ ಕೇಳುವುದನ್ನು ಮರೆತು ಬಂದ ಹಾಗಾಯಿತು.

ಆ ವಾಸನೆಗೆ ಒಂದು ಹೆಸರಿಡಬೇಕೆಂದು ನಾನು ಬಹಳ ಯೋಚಿಸಿದ್ದೇನೆ. ಕನ್ನಡದಲ್ಲಿ ಕೆಟ್ಟ ವಾಸನೆಗೆ ಎಷ್ಟೊಂದು ಮಾತುಗಳಿವೆ! ಹಳೇ ಎಣ್ಣೆಗೆ ಕಮಟು, ಮಳೆಗಾಲದ ಪೆಟ್ಟಿಗೆಗೆ ಮುಗ್ಗಲು, ಒಗ್ಗರಣೆಗೆ ಘಾಟು, ತಳ ಹಿಡಿದ ಅನ್ನಕ್ಕೆ ಸೀದ ವಾಸನೆ, ಎಲ್ಲ ಕೈಮೀರಿದಾಗ ಗಬ್ಬು. ನಮ್ಮ ಹಿಂದಿನವರು ಮೂಗನ್ನು ಬಹಳ ಮುತುವರ್ಜಿಯಿಂದ ಬಳಸಿರಬೇಕು. ಆದರೆ ಈ ಜೆರ್ಸಿಯದು ಇವುಗಳಲ್ಲಿ ಯಾವುದೂ ಅಲ್ಲ. ಒದ್ದೆಯಿದ್ದಾಗ ಪರಿಮಳದ ಹಿಂದಿನಿಂದ ಇಣುಕುತ್ತದೆ, ಒಣಗಿದ ಮೇಲೆ ಸಭ್ಯವಾಗಿರುತ್ತದೆ. ಹಾಕಿಕೊಂಡು ಮೈ ಸ್ವಲ್ಪ ಬೆಚ್ಚಗಾಯಿತೋ, ಹಳೇ ಹುಳಿ ಮಜ್ಜಿಗೆಯೂ ಬಸ್ಸಿನ ಸೀಟೂ ಜಗಳವಾಡಿದಂಥ ಒಂದು ವಾಸನೆ ಏಳುತ್ತದೆ. ಅಂದರೆ ಮನೆಯಲ್ಲಿ ಸಾಧು, ಅಂಗಳಕ್ಕಿಳಿದರೆ ಮಹಾ ಜೋರು.

ಅಜ್ಜಂಪುರದಲ್ಲಿ ಆದದ್ದೂ ಅದೇ. ಕಳೆದ ವಾರ ಅಲ್ಲಿ ಪಂದ್ಯವಿತ್ತು. ರೈಲಿಳಿದು ಮನೆಗೆ ಬಂದ ಪಲ್ಲವಿ ಗೆದ್ದೆವು ಎಂದಷ್ಟೇ ಹೇಳಿ ಕೋಣೆ ಸೇರಿಕೊಂಡಳು. ಗೆದ್ದವರು ಹಾಗೆ ಬಾಗಿಲು ಹಾಕಿಕೊಳ್ಳುತ್ತಾರೆಯೇ? ಪಕ್ಕದ ಮನೆ ಸರೋಜಕ್ಕನ ಮಗಳು ಚೈತ್ರಳೂ ಅದೇ ತಂಡದಲ್ಲಿದ್ದಾಳೆ, ಬದಲಿ ಆಟಗಾರ್ತಿ. ಅವಳನ್ನು ಕೇಳಿದಾಗ ವಿಷಯ ಹೊರಬಿತ್ತು. ಪಲ್ಲವಿ ಎರಡನೇ ಸಲ ರೈಡಿಗೆ ಹೋದಾಗ ಎದುರಾಳಿ ಹುಡುಗಿಯೊಬ್ಬಳು ಅವಳನ್ನು ಸೊಂಟಕ್ಕೆ ತಬ್ಬಿ ಹಿಡಿದಳಂತೆ. ಹಿಡಿದವಳು ತಕ್ಷಣ ಮುಖ ತಿರುಗಿಸಿ, "ಥೂ, ಯಾವ್ ನಾತನೇ ಇದು! ಒಗ್ಯಲ್ವೇನೇ ನಿಮ್ಮನೇಲಿ?" ಎಂದಳಂತೆ. ಅಂಗಳದ ಸುತ್ತ ನಿಂತವರೆಲ್ಲ ನಕ್ಕರಂತೆ. ಆಮೇಲೆ ಇವಳು ಗೆರೆ ದಾಟಿದಾಗಲೆಲ್ಲ ಆ ಕಡೆಯವರು, "ಬಂತು, ಬಂತು" ಎಂದು ಮೂಗು ಹಿಡಿದುಕೊಂಡರಂತೆ.

ಒಗ್ಯಲ್ವೇನೇ ನಿಮ್ಮನೇಲಿ! ಇದನ್ನು ಕೇಳಿದ ಸಂಜೆಯೇ ಜೆರ್ಸಿಯನ್ನು ಮತ್ತೊಮ್ಮೆ ಮಶೀನಿಗೆ ಹಾಕಿದೆ.

ನಾಳೆ ತರೀಕೆರೆಯಲ್ಲಿ ಪಂದ್ಯ. ಗೆದ್ದರೆ ಜಿಲ್ಲಾ ಮಟ್ಟ. ಬೆಳಿಗ್ಗೆ ಏಳಕ್ಕೆ ಬಸ್ಸು. ಮಗಳು ಕಾಫಿ ಕುಡಿಯುತ್ತಾ, ಮಶೀನಿನಿಂದ ಆಗಷ್ಟೇ ತೆಗೆದ ಜೆರ್ಸಿಯನ್ನು ಮೂಗಿಗೆ ಹಿಡಿದು, ಮತ್ತೆ ಬುಟ್ಟಿಗೆ ಹಾಕಿ, ಒಂದೇ ಮಾತಿನಲ್ಲಿ ಮುಗಿಸಿದಳು:

"ಇದ್ರ ವಾಸ್ನೆ ಹೋಗ್ದಿದ್ರೆ ನಾನ್ ತರೀಕೆರೆಗೆ ಹೋಗಲ್ಲಮ್ಮ. ಮೇಡಮ್‌ಗೆ ಹೊಟ್ಟೆನೋವು ಅಂತ ಹೇಳ್ಬಿಡ್ತೀನಿ."

"ಸುಳ್ಳು ಹೇಳ್ತೀಯೇನೇ?"

"ನೀನ್ ಒಗ್ದಿದೀಯ ಅಂತ ಹೇಳಿದ್ರೂ ಅವ್ರು ಸುಳ್ಳು ಅಂತಾನೇ ಅಂದ್ಕೊಳೋದು."

ಪೂಜೆ ಮುಗಿಸಿ ಬಂದ ಅತ್ತೆಯವರು ಮೊಮ್ಮಗಳ ತಲೆ ಸವರಿದರು. "ಅಲ್ಲ ಕಣೇ ಹುಚ್ಚೀ, ಅವ್ರೆಲ್ಲ ಮೂಗು ಹಿಡ್ಕಂಡ್ರೆ ನಿನ್ನ ಹಿಡಿಯೋಕೆ ಕೈ ಎಲ್ಲೈತೆ? ನಿಂಗೆ ಒಳ್ಳೇದೇ ಆಯ್ತಲ್ಲ!" ನನಗೆ ನಗು ಬಂತು. ಪಲ್ಲವಿಗೆ ಬರಲಿಲ್ಲ. ಹದಿನೇಳು ವರ್ಷದವರಿಗೆ ತಮ್ಮ ಮೇಲಿನ ಹಾಸ್ಯ ಅರ್ಥವಾಗಲು ಇನ್ನೂ ಇಪ್ಪತ್ತು ವರ್ಷ ಬೇಕು. ಅವಳು ಬ್ಯಾಗು ಹೆಗಲಿಗೇರಿಸಿ ಹೊರಟೇಹೋದಳು. ನಮ್ಮವರು ಹೊಸ ಜೆರ್ಸಿ ಮಾಡಿಸಿದರಾಯಿತು ಎಂದರು; ವಿಚಾರಿಸಿದರೆ ಹೆಸರು, ಅಂಕಿ ಅಚ್ಚು ಹಾಕಿಸಲು ನಾಲ್ಕು ದಿನ ಬೇಕಂತೆ. "ಹಾಗಾದ್ರೆ ಸೆಂಟ್ ಹೊಡ್ದು ಕಳ್ಸು" ಎಂದು ತಮ್ಮ ಹಾರ್ಡ್‌ವೇರ್ ಅಂಗಡಿಗೆ ಹೋದರು. ತುಕ್ಕು ಹಿಡಿದ ಮೊಳೆಗೆ ಬಣ್ಣ ಹೊಡೆದು ಮಾರಬಾರದು ಎಂದು ದಿನಾ ಭಾಷಣ ಮಾಡುವವರು ಅವರೇ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸೋಮವಾರ ಸೋಮವಾರ ಕರ್ಚೀಫಿನ ತಪಾಸಣೆ. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಸಾಲಿನಲ್ಲಿ ನಡೆದು ಬಂದು ಒಬ್ಬೊಬ್ಬರ ಕರ್ಚೀಫನ್ನೂ ಎರಡು ಬೆರಳಲ್ಲಿ ಎತ್ತಿ, ಕಣ್ಣು ಅರ್ಧ ಮುಚ್ಚಿ, ಗುಲಾಬಿ ಮೂಸಿದ ಹಾಗೆ ಮೂಸುತ್ತಿದ್ದರು. ಅವರ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋದರೆ ಸಾಕು, ಆ ಹುಡುಗಿ ಇಡೀ ವಾರ ತಲೆಯೆತ್ತುವ ಹಾಗಿರಲಿಲ್ಲ. ನನಗೆ ಕಾನ್ವೆಂಟಿನ ಇಂಗ್ಲಿಷು ಎಷ್ಟು ಅಂಟಿಕೊಂಡಿತೋ ಗೊತ್ತಿಲ್ಲ, ಆ ಹುಬ್ಬು ಮಾತ್ರ ಅಂಟಿಕೊಂಡಿದೆ. ಇವತ್ತಿಗೂ ಒಗೆದ ಬಟ್ಟೆ ಮಡಿಸುವಾಗ ನನ್ನ ಹಿಂದೆ ಯಾರೋ ಮೆತ್ತನೆ ಚಪ್ಪಲಿಯಲ್ಲಿ ನಡೆದು ಬಂದಂತಾಗುತ್ತದೆ.

ಸರಿ, ಸೆರಗು ಸಿಕ್ಕಿಸಿದೆ. ಅಡುಗೆ ಸೋಡ ಕಲಸಿದ ನೀರಿನಲ್ಲಿ ಜೆರ್ಸಿಯನ್ನು ಒಂದು ಗಂಟೆ ನೆನೆಹಾಕಿದೆ. ನಮ್ಮೂರಿನ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಬೇಳೆಯೂ ಬೇಯುವುದಿಲ್ಲ, ಸೋಪೂ ನೊರೆ ಬರುವುದಿಲ್ಲ, ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಹಾಗಾಗಿ ಸಂಪಿಗೆ ಬಿದ್ದ ನಲ್ಲಿ ನೀರನ್ನೇ ಬಳಸಿದೆ. ಜಾಲಿಸಿ, ತಾರಸಿಗೆ ಒಯ್ದು ಬಿಸಿಲಿಗೆ ಹರವಿದೆ. ಕಡೂರಿನ ಬಿಸಿಲು, ಕಡೂರಿನ ಗಾಳಿ. ಹಪ್ಪಳ ಹಾಕಿದರೆ ಮಧ್ಯಾಹ್ನದೊಳಗೆ ಕರಿಯಲು ಸಿದ್ಧ, ಕ್ಲಿಪ್ಪು ಹಾಕದಿದ್ದರೆ ನಮ್ಮ ಮನೆ ಟವೆಲ್ಲು ಬೀರೂರು ರಸ್ತೆಯ ಕಡೆ ಹೊರಟಿರುತ್ತದೆ. ಅಂಥ ಬಿಸಿಲು ಗಾಳಿಗೂ ಈ ವಾಸನೆ ಜಗ್ಗಲಿಲ್ಲ. ಒಣಗಿದ ಜೆರ್ಸಿಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮೂಸಿದೆ. ಇತ್ತು. ನಿಂಬೆಹಣ್ಣು ಹಿಂಡಿ ತೊಳೆದೆ. ನಿಂಬೆ ವಾಸನೆಯ ಜೊತೆಗೂ ಇತ್ತು.

ಮಧ್ಯೆ ಮಧ್ಯೆ ಮೊಬೈಲಿನಲ್ಲಿ ಓದಿದೆ. ಹತ್ತಿ ಬಟ್ಟೆ ಬೆವರನ್ನು ಕುಡಿಯುತ್ತದೆ, ಒಗೆದಾಗ ಬಿಟ್ಟುಕೊಡುತ್ತದೆ. ಈ ಪಾಲಿಯೆಸ್ಟರ್ ಹಾಗಲ್ಲ. ಅದಕ್ಕೆ ನೀರೆಂದರೆ ಆಗದು, ಎಣ್ಣೆಯೆಂದರೆ ಪ್ರಾಣ. ಬೆವರಿನ ನೀರನ್ನೆಲ್ಲ ಹೊರಗೆ ದಾಟಿಸಿಬಿಡುತ್ತದೆ; ಮೈಯ ಜಿಡ್ಡನ್ನು ಮಾತ್ರ ಎಳೆಯೆಳೆಗೂ ಅಪ್ಪಿಕೊಂಡು ಕೂರುತ್ತದೆ. ಆ ಜಿಡ್ಡನ್ನು ನೆಚ್ಚಿಕೊಂಡು ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡುತ್ತವಂತೆ. ಅಂದರೆ ನಾನು ಒಗೆಯುತ್ತಿದ್ದದ್ದು ಬಟ್ಟೆಯನ್ನಲ್ಲ, ಒಂದು ತುಂಬು ಕುಟುಂಬವನ್ನು ಒಕ್ಕಲೆಬ್ಬಿಸಲು ನೋಡುತ್ತಿದ್ದೆ. ವಿಜ್ಞಾನ ತಿಳಿದರೆ ಸಿಟ್ಟು ಕಡಿಮೆಯಾಗುತ್ತದೆ ಎನ್ನುತ್ತಾರೆ. ನನಗೆ ಹೆಚ್ಚಾಯಿತು.

ಇನ್ನೊಂದು ಪೇಚು ನೋಡಿ. ಹತ್ತು ಸಲ ಮೂಸಿದ ಮೇಲೆ ಮೂಗಿಗೆ ಏನೂ ತಿಳಿಯುವುದಿಲ್ಲ. ವಾಸನೆ ಹೋಯಿತೋ, ಮೂಗೇ ಹೋಯಿತೋ? ಕಾಫಿಪುಡಿ ಡಬ್ಬಿ ತೆರೆದು ಒಮ್ಮೆ ಮೂಸುವುದು, ಮೂಗು ತಿಳಿಯಾಯಿತೆಂದು ಜೆರ್ಸಿ ಮೂಸುವುದು, ಮತ್ತೆ ಡಬ್ಬಿ, ಮತ್ತೆ ಜೆರ್ಸಿ. ಇದನ್ನು ಬಾಗಿಲಲ್ಲಿ ನಿಂತು ನೋಡಿದ ಅತ್ತೆಯವರು, "ಸುಮಾ, ನೀನೊಂದ್ ಗಳಿಗೆ ಮಲಕ್ಕೋ ಹೋಗಮ್ಮ. ಅದನ್ನ ಇಲ್ಲಿ ಕೊಡು, ನಾನ್ ನೋಡ್ತೀನಿ" ಎಂದರು.

ಅವರು ನೋಡಿದ್ದು ಹೀಗೆ. ನಮ್ಮಲ್ಲಿ ಎಳೆಗೂಸಿಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಲೋಬಾನ, ಅಂದರೆ ಸಾಂಬ್ರಾಣಿ, ಉದುರಿಸಿ ಹೊಗೆ ಕೊಡುವುದುಂಟು. ಕೆಂಡದ ಬಟ್ಟಲಿನ ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಮಗುವಿನ ಬಟ್ಟೆ ಹರವಿದರೆ ಹಾಲು ವಾಸನೆ, ಉಚ್ಚೆ ವಾಸನೆ ಎಲ್ಲ ಹೋಗಿ ಬಟ್ಟೆ ಘಮ್ಮೆನ್ನುತ್ತದೆ. ಪಲ್ಲವಿ ಹುಟ್ಟಿದಾಗ ಮೂರು ತಿಂಗಳು ಅತ್ತೆಯವರು ಇದನ್ನು ಒಂದು ದಿನ ತಪ್ಪಿಸಿರಲಿಲ್ಲ. ಅದೇ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ತೆಂಗಿನ ಚಿಪ್ಪನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಒಂದು ಹಿಡಿ ಲೋಬಾನ ಹಾಕಿ, ಹದಿನೇಳು ವರ್ಷದ ಕೂಸಿನ ಜೆರ್ಸಿಯನ್ನು ಅದರ ಮೇಲೆ ಹರವಿದರು. ನಡುಮನೆ ಮಠವಾಯಿತು. ನಾನು ಬೇಡವೆನ್ನಬೇಕಿತ್ತು. ಆದರೆ ಮಡಿಸಿದ ಕಾಲು ನೋಯುತ್ತಿದ್ದರೂ ಬುಟ್ಟಿಯ ಪಕ್ಕದಲ್ಲಿ ಕೂತು, ಮೊಮ್ಮಗಳ ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಲ್ಲಿ ತೀಡಿ ಸರಿಮಾಡುತ್ತಿದ್ದ ಅವರನ್ನು ನೋಡಿ ಲೋಬಾನದ ಪೊಟ್ಟಣವನ್ನು ನಾನೇ ಹತ್ತಿರ ಸರಿಸಿದೆ.

ಹತ್ತಿ ಬಟ್ಟೆ ಹೊಗೆಯನ್ನು ಒಳಗೆ ಕರೆದುಕೊಳ್ಳುತ್ತದೆ, ಬಿಸಿಯನ್ನು ತಡೆದುಕೊಳ್ಳುತ್ತದೆ. ಈ ಪ್ಲಾಸ್ಟಿಕ್ಕಿನ ಕೂಸು ಎರಡೂ ಮಾಡಲಿಲ್ಲ. ಚಟ್ಟೆಂದು ಒಂದು ಕಿಡಿ ಹಾರಿತು. ಬಲತೋಳಿನ ಅಂಚಿನಲ್ಲಿ ಬಟಾಣಿಯಷ್ಟು ಜಾಗ ಸುಟ್ಟ ಕೂದಲಿನ ಹಾಗೆ ಸುರುಟಿಕೊಂಡಿತು. ಎತ್ತಿ ಮೂಸಿದೆ. ಲೋಬಾನ ಮೊದಲು ಬಂತು, ಬೆವರು ಹಿಂದೆಯೇ ಬಂತು, ಸುಟ್ಟ ವಾಸನೆ ಇಬ್ಬರ ನಡುವೆ ನಿಂತಿತು. ಅಜ್ಜಂಪುರದವರು ಬರಿಯ ಬೆವರಿಗೇ ಮೂಗು ಹಿಡಿದಿದ್ದರು. ತರೀಕೆರೆಯವರು ಇದಕ್ಕೆ ಕೈ ಮುಗಿಯಬಹುದು.

"ಅಯ್ಯೋ ಶಿವನೇ, ಸುಟ್ ಹಾಕ್ಬಿಟ್ನಲ್ಲೇ" ಎಂದ ಅತ್ತೆಯವರ ಕಣ್ಣಲ್ಲಿ ನೀರಾಡಿತು. "ಹೊಗೆಗೆ ಕಣ್ಣು ಉರೀತಿದೆ ಅಷ್ಟೇ ಅತ್ತೆ, ಏನೂ ಆಗಿಲ್ಲ" ಎಂದು ನಾನು ಇಬ್ಬರ ಪರವಾಗಿಯೂ ಹೇಳಿದೆ.

ಕೊನೆಗೆ ರಸ್ತೆಯ ತಿರುವಿನಲ್ಲಿ ಗಾಡಿಯ ಮೇಲೆ ಇಸ್ತ್ರಿ ಮಾಡುವ ರಂಗಣ್ಣನ ಬಳಿಗೆ ಹೋದೆ. ಸುರುಟಿದ ಅಂಚನ್ನಾದರೂ ಸರಿಮಾಡಿಯಾನು ಎಂಬ ಆಸೆ. ಅವನು ಜೆರ್ಸಿಯನ್ನು ಬಿಚ್ಚಿದವನೇ ಕೆಂಡದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ.

"ಅಕ್ಕಾ, ಇದ್ರ ಮೇಲೆ ಇಸ್ತ್ರಿ ಎಳದ್ರೆ ಮುಗೀತು, ನನ್ ಗಿರಾಕಿಗಳೆಲ್ಲ ಆ ಕಡೆ ರಸ್ತೇಲಿ ಹೋಗ್ತಾರೆ. ಏನೇನ್ ಹಾಕಿದೀರ ಇದಕ್ಕೆ?"

ಹೇಳಿದೆ. ಸೋಡ, ನಿಂಬೆ, ಲೋಬಾನ.

"ಅದೆಲ್ಲ ಇವತ್ತಿಂದು. ದಿನಾ ಏನ್ ಹಾಕ್ತೀರ?"

"ಸೋಪಿನ ಪುಡಿ. ಕೊನೇಲಿ ಘಮ ಘಮ ಅನ್ನೋ ಆ ಕಂಡೀಷನರ್."

"ಎಷ್ಟು?"

ಇಲ್ಲಿ ನಾನು ತಪ್ಪೊಪ್ಪಿಗೆ ಮಾಡಲೇಬೇಕು. ಬಾಟಲಿಯ ಮೇಲೆ ಒಂದು ಮುಚ್ಚಳ ಎಂದು ಬರೆದಿದೆ. ನಾನು ಎರಡು ಹಾಕುತ್ತಿದ್ದೆ. ವಾಸನೆ ಶುರುವಾದ ಮೇಲೆ ಮೂರು. ಅಜ್ಜಂಪುರದ ಸುದ್ದಿ ಬಂದ ಮೇಲೆ ನಾಲ್ಕು.

ರಂಗಣ್ಣ ನಗಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. "ಅದು ಎಣ್ಣೆ ಇದ್ದಂಗೆ ಕಣಕ್ಕ. ಬಟ್ಟೆ ಮೇಲೆ ಒಂದ್ ಪದ್ರ ಕೂತ್ಕಂಡ್ಬಿಡ್ತದೆ. ಒಳಗಿನ ಬೆವ್ರು ಒಳ್ಗೇ. ಆಮೇಲ್ ನೀವ್ ಎಷ್ಟ್ ಸೋಪ್ ಹಾಕಿದ್ರೂ ಬಾಗ್ಲಿಂದಾಚೆನೇ ನಿಂತಿರ್ತದೆ. ಹೋಗಿ ಒಳಮೈ ಹೊರಗ್ ಬರೋ ಹಂಗೆ ತಿರುವಿ ಹಾಕಿ, ತಣ್ಣೀರಿಗೆ ಗೋಬಿ ಮಂಚೂರಿಗೆ ಹಾಕ್ತಾರಲ್ಲ, ಆ ವಿನೆಗರ್ ಒಂದ್ ಲೋಟ ಬಿಡಿ. ಅರ್ಧ ಗಂಟೆ. ಆಮೇಲ್ ಒಂದ್ ಚಮಚ ಸೋಪು, ಅಷ್ಟೇ. ಘಮ ಘಮ ಬ್ಯಾಡ. ನೆರಳಲ್ಲಿ ಗಾಳೀಗ್ ಹಾಕಿ."

"ಮೊದ್ಲೇ ಯಾಕ್ ಹೇಳ್ಲಿಲ್ಲ ರಂಗಣ್ಣ?"

"ನೀವ್ ಇಸ್ತ್ರೀಗ್ ಕೊಡೋದು ಸಾಹೇಬ್ರ ಶರ್ಟು. ಅದಕ್ ಬೆವ್ರೇ ಇರಲ್ವಲ್ಲಕ್ಕ."

ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ಮಗಳನ್ನು ಊರ ಮುಂದೆ ತಲೆತಗ್ಗಿಸುವಂತೆ ಮಾಡಿದ್ದು ಅವಳ ಬೆವರಲ್ಲ, ನನ್ನ ನಾಲ್ಕು ಮುಚ್ಚಳ. ಪರಿಮಳದ ಮೇಲಿನ ನಂಬಿಕೆಯಿಂದಲೇ ನಾನು ನಾತವನ್ನು ಬೀಗ ಹಾಕಿ ಕಾಪಾಡುತ್ತಿದ್ದೆ. ಪ್ರತಿ ಸಲವೂ ಬೇಡದ್ದನ್ನು ತೆಗೆಯುವ ಬದಲು ಅದರ ಮೇಲೆ ಒಂದು ಒಳ್ಳೆಯದನ್ನು ಸುರಿಯುವುದು ನನ್ನ ಹಳೇ ಚಾಳಿ. ನೆಂಟರ ಮೇಲೆ ಸಿಟ್ಟು ಬಂದರೆ ಪಾಯಸ ಮಾಡುವವಳು ನಾನು.

ಕಿರಾಣಿ ಅಂಗಡಿಯಲ್ಲಿ ವಿನೆಗರ್ ಕೇಳಿದಾಗ, "ಏನ್ ಮೇಡಂ, ಸಂಜೆ ಗೋಬೀನಾ?" ಎಂದ ಹುಡುಗನಿಗೆ ಹೌದೆಂದೆ. ಇಷ್ಟು ವಿವರಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಜೆರ್ಸಿಯನ್ನು ತಿರುವಿ ನೆನೆಹಾಕಿದಾಗ ನೀರು ಅರ್ಧ ಗಂಟೆಯಲ್ಲಿ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಒಂಬತ್ತು ಒಗೆತದಲ್ಲಿ ಹೊರಬರದಿದ್ದದ್ದು! ಜಾಲಿಸಿದೆ, ಒಂದೇ ಚಮಚ ಸೋಪಿನ ಪುಡಿ ಹಾಕಿ ಒಗೆದೆ, ಹಿತ್ತಲ ನೆರಳಲ್ಲಿ ಹಗ್ಗಕ್ಕೆ ಹಾಕಿದೆ. ಕಂಡೀಷನರ್ ಬಾಟಲಿಯ ಕಡೆಗೆ ಹೋದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ವಾಪಸು ತಂದೆ. ಉತ್ಪ್ರೇಕ್ಷೆಯಲ್ಲ.

ಸಂಜೆ ಪಲ್ಲವಿ ಬಂದಳು. ಬ್ಯಾಗು ಕೂಡ ಇಳಿಸದೆ ಹಿತ್ತಲಿಗೆ ಹೋಗಿ ಜೆರ್ಸಿಯನ್ನು ಮುಖಕ್ಕೆ ಒತ್ತಿಕೊಂಡಳು. ತೋಳಿನ ಸುರುಟನ್ನು ನೋಡಿದಳು. ಅಜ್ಜಿಯ ಮುಖ ನೋಡಿ ಅದರ ಬಗ್ಗೆ ಏನೂ ಹೇಳಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವಳಾಗಿದ್ದಾಳೆ.

"ಹೋಗಿದ್ಯಾ?" ಎಂದೆ.

"ಗೊತ್ತಾಗ್ತಿಲ್ಲಮ್ಮ. ಈ ಮನೇನೇ ಸಾಂಬ್ರಾಣಿ ಹೊಡೀತಿದೆ. ನಿಂಗೆ?"

ನನ್ನ ಮೂಗು ಮಧ್ಯಾಹ್ನವೇ ರಜೆ ಹಾಕಿತ್ತು. ಅತ್ತೆಯವರಿಗೆ ನಶ್ಯದ ಅಭ್ಯಾಸ, ಅವರ ಸಾಕ್ಷ್ಯ ನಡೆಯುವುದಿಲ್ಲ. ಮೂವರೂ ಹಗ್ಗದ ಕೆಳಗೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಸರೋಜಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಲೋಟ ಹಿಡಿದು ಬಂದರು. ನಾನು ಒಳಗಿನಿಂದ ತಂದು ಲೋಟಕ್ಕೆ ಹುಯ್ದೆ. ಪಲ್ಲವಿ ಜೆರ್ಸಿಯನ್ನು ಅಂಗೈಗಳ ನಡುವೆ ಗಸಗಸ ಉಜ್ಜಿ ಬೆಚ್ಚಗೆ ಮಾಡಿ ಅವರ ಮುಂದೆ ಹಿಡಿದಳು.

"ಆಂಟಿ, ನಿಜ ಹೇಳ್ಬೇಕು. ವಾಸ್ನೆ ಬರುತ್ತಾ? ಬರುತ್ತೆ ಅಂದ್ರೆ ನಾಳೆ ನಾನ್ ಹೋಗಲ್ಲ."

ಸರೋಜಕ್ಕ ಸುಳ್ಳು ಹೇಳುವವರಲ್ಲ. ನನ್ನ ಮೈಸೂರುಪಾಕನ್ನು ಇಟ್ಟಿಗೆ ಎಂದವರು. ಅವರು ಎರಡು ಸಲ ಮೂಸಿದರು.

"ಬರ್ತದೆ. ಒಂಚೂರು."

ಪಲ್ಲವಿ ನನ್ನನ್ನು ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ, ಅದಕ್ಕೇ ಸಹಿಸಲಾಗಲಿಲ್ಲ. ಜೆರ್ಸಿಯನ್ನು ಹಗ್ಗದ ಮೇಲೆ ಎಸೆಯಲು ಕೈಯೆತ್ತಿದಳು.

"ಬರ್ದೆ ಇನ್ನೇನೇ?" ಎಂದರು ಸರೋಜಕ್ಕ, ನಾನು ತಂದ ಮಜ್ಜಿಗೆಯನ್ನು ಲೋಟದಲ್ಲಿ ಅಲುಗಿಸಿ ನೋಡುತ್ತಾ. "ಆಡಿದ್ ಬಟ್ಟೆ. ನಮ್ ಚೈತ್ರಂದೂ ಇದೆ, ಇದೇ ನೇರಳೆ. ಆರ್ ತಿಂಗ್ಳಾಯ್ತು, ಅಂಗಡಿ ವಾಸ್ನೇನೇ ಇನ್ನೂ ಹೋಗಿಲ್ಲ. ಬೆಂಚ್ ಮೇಲೆ ಕೂತೋರ್ಗೆ ಎಲ್ಲಿಂದ ಬರ್ಬೇಕು ಬೆವ್ರು?"

ಎತ್ತಿದ ಕೈ ಹಾಗೆಯೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಇಳಿಯಿತು. ಪಲ್ಲವಿ ಜೆರ್ಸಿಯನ್ನು ಮತ್ತೆ ಮೂಸಲಿಲ್ಲ. ಮಡಿಸಿ, ಹೆಗಲಿನಿಂದ ಇನ್ನೂ ಇಳಿಸದಿದ್ದ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು. ನನಗೆ ಸರೋಜಕ್ಕನನ್ನು ಕೂರಿಸಿ ಪಾಯಸ ಬಡಿಸಬೇಕೆನಿಸಿತು, ಈ ಸಲ ಸಿಟ್ಟಿಲ್ಲದೆ. ಅವರಿಗೆ ಹಾಲು ಆರಿಹೋಗುವ ಚಿಂತೆ. ಲೋಟಕ್ಕೆ ಅಂಗೈ ಮುಚ್ಚಿ ಹೊರಟವರು ಗೇಟಿನ ಬಳಿ ನಿಂತು, ಉಪ್ಪು ಕೇಳುವಷ್ಟೇ ಸಲೀಸಾಗಿ ಕೂಗಿದರು:

"ಏನೇ ಕ್ಯಾಪ್ಟನ್ನೂ, ನಾಳೆ ನಮ್ಮೋಳ್ನೂ ಒಂದೈದ್ ನಿಮ್ಷ ಒಳಗ್ ಬಿಡೇ. ಅವ್ಳಿಗೂ ಒಂಚೂರ್ ವಾಸ್ನೆ ಬರ್ಲಿ."